ಕೊರಗರ ಹೆಸರಿನ ಹಣ, ಕೊರಗರ ಕೈಗೆ ನೆಲ

ವಿಲೆ ಪಾರ್ಲೆ, ಅಂಧೇರಿಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ವಾಚಕರಲ್ಲಿ ಬಹುಮಂದಿ ಉಡುಪಿ, ಕುಂದಾಪುರ, ಕಾರ್ಕಳ, ಮಂಗಳೂರು, ಕಾಸರಗೋಡು ಕಡೆಯ ಗ್ರಾಮಗಳಿಂದ ಬಂದವರು. ಆ ಗ್ರಾಮಗಳ ಅಂಚಿನಲ್ಲಿ, ಬೇರೆ ಮನೆಗಳಿಂದ ದೂರವಾಗಿ ಕೊರಗರ ಗುಡಿಸಲುಗಳಿದ್ದುವು. ಗಂಜಿ ಬಸಿಯುವ ಕುಡುಪು, ಅಕ್ಕಿ ಕೇರುವ ತಡ್ಪೆ, ಗೊಬ್ಬರ ಹೊರುವ ಬುಟ್ಟಿ, ಇವೆಲ್ಲವೂ ಅವರ ಕೈಯಿಂದಲೇ ನಮ್ಮ ಮನೆಗಳಿಗೆ ಬಂದುವು. ಆದುದರಿಂದ ಅವರ ಅಭ್ಯುದಯಕ್ಕಾಗಿ ಸರಕಾರವು ವೆಚ್ಚಮಾಡುವ ಹಣದ ವಿಚಾರವು ನಮಗೆ ಪರಕೀಯವಾದುದಲ್ಲ. ಆ ಹಣವು ಎಲ್ಲಿಗೆ ಮುಟ್ಟಿತು, ಎಲ್ಲಿ ನಿಂತಿತು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಯೋಜನೆಗಳ ಪರಂಪರೆ

1960ರಲ್ಲಿ ನೇಮಕವಾದ ಢೇಬರ್ ಆಯೋಗವು ಗಿರಿಜನರೆಲ್ಲರ ಸ್ಥಿತಿ ಒಂದೇ ತೆರನಾಗಿಲ್ಲವೆಂದೂ, ತೀರ ಹಿಂದುಳಿದ ಪಂಗಡಗಳಿಗೆ ಪ್ರತ್ಯೇಕ ಗಮನ ಅಗತ್ಯವೆಂದೂ ತಿಳಿಸಿತು. ಐದನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಗಿರಿಜನ ಉಪಯೋಜನೆ ಜಾರಿಗೆ ಬಂದಿತು; ಅತ್ಯಂತ ದುರ್ಬಲ ಪಂಗಡಗಳ ಪಟ್ಟಿಯೂ ಸಿದ್ಧವಾಯಿತು. ಈಗ ಆ ಪಟ್ಟಿಯಲ್ಲಿರುವ 75 ಪಂಗಡಗಳಲ್ಲಿ ಕರ್ನಾಟಕದವು ಎರಡೇ: ಕೊರಗರು ಮತ್ತು ಜೇನುಕುರುಬರು.

ಈಚಿನ ದೊಡ್ಡ ಯೋಜನೆಯು 2023ರ ನವೆಂಬರ್ 15ರಂದು ಆರಂಭವಾದ ಪ್ರಧಾನಮಂತ್ರಿ ಜನಮನ್. ಕೇಂದ್ರ ಮತ್ತು ರಾಜ್ಯಗಳ ಪಾಲು ಸೇರಿ ಮೂರು ವರ್ಷಗಳಿಗೆ 24,104 ಕೋಟಿ ರೂಪಾಯಿಗಳನ್ನು ಇದಕ್ಕೆ ಗೊತ್ತುಪಡಿಸಲಾಯಿತು. ಮನೆ, ರಸ್ತೆ, ಕುಡಿಯುವ ನೀರು, ಅಂಗನವಾಡಿ, ವಿದ್ಯಾರ್ಥಿನಿಲಯ, ವಿದ್ಯುತ್ತು, ಸಂಚಾರಿ ಚಿಕಿತ್ಸಾಲಯ ಮುಂತಾದ 11 ಕಾರ್ಯಗಳು ಇದರಲ್ಲಿ ಸೇರಿವೆ. ಎಲ್ಲವೂ ಅಗತ್ಯವಾದುವೇ. ಆದರೆ ನೇರವಾಗಿ ಸಂಪಾದನೆಗೆ ದಾರಿಮಾಡುವ ಬಾಬು ಇವುಗಳಲ್ಲಿ ಅಲ್ಪವೆಂಬುದನ್ನು ವಾಚಕರು ಗಮನಿಸಬೇಕು. ಮನೆಯು ಮಳೆಯಿಂದ ಕಾಪಾಡೀತು. ಒಲೆಯ ಮೇಲಿನ ಪಾತ್ರೆ ತುಂಬಲು ದುಡಿಮೆಯೇ ಬೇಕು.

ಸಾವಿರಕ್ಕೆ ಮೂರೂವರೆ

2001ರ ಜನಗಣತಿಯಲ್ಲಿ ಕರ್ನಾಟಕದ ಕೊರಗರ ಸಂಖ್ಯೆ 16 ಸಾವಿರವನ್ನು ಮೀರಿದ್ದಿತು. 2011ರಲ್ಲಿ ಅದು 14,794ಕ್ಕೆ ಇಳಿಯಿತು. ದೇಶದ ಜನಸಂಖ್ಯೆ ಏರುತ್ತಿರುವಾಗ ಒಂದು ಜನಾಂಗವೇ ಕುಗ್ಗುವುದೆಂದರೆ ಅದು ಹಸಿವು, ರೋಗ, ಅಕಾಲಮರಣಗಳ ಸೂಚನೆಯಲ್ಲವೇ? ಅದೇ 2011ರಲ್ಲಿ ರಾಜ್ಯದ ಪರಿಶಿಷ್ಟ ಪಂಗಡಗಳವರ ಒಟ್ಟು ಸಂಖ್ಯೆ 42 ಲಕ್ಷದ 48 ಸಾವಿರ. ಎಂದರೆ ಪಂಗಡಗಳ ಹೆಸರಿನಲ್ಲಿ ಹಂಚಿಕೆಯಾಗುವ ಹಣಕ್ಕೆ ಕೈಯೊಡ್ಡುವ ಸಾವಿರ ಜನರಲ್ಲಿ ಕೊರಗರು ಮೂರೂವರೆ ಮಂದಿ. ಜನಸಂಖ್ಯೆಗೆ ಅನುಗುಣವಾಗಿ ಹಣವಿಡಬೇಕೆಂದು ಕರ್ನಾಟಕವು 2013ರಲ್ಲಿ ಕಾಯಿದೆ ಮಾಡಿದುದು ಸ್ತುತ್ಯವೇ. ಆದರೆ ಮತದ ಬಲವಿಲ್ಲದ ಸಣ್ಣ ಪಂಗಡದ ಧ್ವನಿ ದೊಡ್ಡ ಪಂಕ್ತಿಯಲ್ಲಿ ಕೇಳಿಸುವುದು ಕಷ್ಟ.

ಪಂಕ್ತಿಯಲ್ಲಿ ಬಡಿಸುವವರ ಮೇಲೂ ಕಣ್ಣಿರಬೇಕು. 2024ರಲ್ಲಿ ಕರ್ನಾಟಕದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದಿಂದ ಕೋಟ್ಯಂತರ ರೂಪಾಯಿಗಳು ಅಕ್ರಮವಾಗಿ ಅನ್ಯರ ಖಾತೆಗಳಿಗೆ ಹೋದ ಪ್ರಕರಣ ಹೊರಬಿದ್ದು, ಖಾತೆಯ ಸಚಿವರು ರಾಜೀನಾಮೆಯೀಯಬೇಕಾಯಿತು. ಬಡವರ ಹೆಸರಿನ ಹಣಕ್ಕೆ ಬಡವರೇ ಲೆಕ್ಕ ಕೇಳುವ ವ್ಯವಸ್ಥೆ ಇಲ್ಲದಿದ್ದರೆ ಹೀಗಾಗುತ್ತದೆ.

ನೆಲದ ಬೇಡಿಕೆ

ಕೊರಗರು ತಮಗೇನು ಬೇಕೆಂಬುದನ್ನು ತಾವೇ ಹೇಳಿದ್ದಾರೆ. 1993ರ ಆಗಸ್ಟ್ 18ರಂದು ಅವರು ಭೂಮಿಗಾಗಿ ಮಂಗಳೂರಿಗೆ ನಡೆದುಬಂದರು. ಆ ದಿನವನ್ನು ಇಂದಿಗೂ ಭೂಮಿ ಹಬ್ಬವೆಂದು ಆಚರಿಸುತ್ತಾರೆ. ಅವರ ಸ್ಥಿತಿಗತಿಗಳನ್ನು ಪರಿಶೀಲಿಸಿದ ಡಾಕ್ಟರ್ ಮಹಮ್ಮದ್ ಪೀರ್ ಅವರ ವರದಿಯು ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಅಂದಿನಿಂದ ಮೂರು ದಶಕಗಳು ಕಳೆದರೂ ಈ ಬೇಡಿಕೆ ಪೂರ್ಣವಾಗಿ ಈಡೇರಿಲ್ಲ.

ನೆಲವಿಲ್ಲದವನಿಗೆ ನೀಡಿದ ಅನುದಾನವು ತಳವಿಲ್ಲದ ಕೊಡದಲ್ಲಿ ಸುರಿದ ನೀರು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನಾಯ್ ತಾಹು ಎಂಬ ಮಾವೊರಿ ಪಂಗಡಕ್ಕೆ 1998ರಲ್ಲಿ ಅಲ್ಲಿನ ಸರಕಾರವು ಹಿಂದೆ ಕಸಿದ ಭೂಮಿಯ ಪರಿಹಾರವಾಗಿ 17 ಕೋಟಿ ಡಾಲರುಗಳ ಮೌಲ್ಯವನ್ನು ಒಪ್ಪಿಸಿತು. ಆ ಹಣವನ್ನು ಪಂಗಡದ ಸ್ವಂತ ಮಂಡಲಿಯೇ ಮೀನುಗಾರಿಕೆ, ಭೂಮಿ, ಪ್ರವಾಸೋದ್ಯಮಗಳಲ್ಲಿ ತೊಡಗಿಸಿ ಬೆಳೆಸಿತು. ಹಣವೂ ನಿರ್ಧಾರವೂ ಒಂದೇ ಕೈಯಲ್ಲಿದ್ದುದೇ ಅಲ್ಲಿನ ವಿಶೇಷ.

ಬುಟ್ಟಿ ಮತ್ತು ಪೇಟೆ

ಕಾಡಿನ ಬಳ್ಳಿಯಿಂದ ಬುಟ್ಟಿ ಹೆಣೆಯುವುದು ಕೊರಗರ ಕುಲಕಸುಬು. ಒಂದೆಡೆ ಕಾಡಿಗೆ ನಿರ್ಬಂಧ, ಇನ್ನೊಂದೆಡೆ ಪ್ಲಾಸ್ಟಿಕ್ಕಿನ ಹಾವಳಿ. ಎರಡರ ನಡುವೆ ಆ ಕಸುಬು ಕ್ಷೀಣಿಸಿತು. ಸಾಲ, ದಿನಸಿ, ಉತ್ಪನ್ನದ ಖರೀದಿ ಮೂರನ್ನೂ ಒಂದೇ ಸೂರಿನಡಿ ಒದಗಿಸುವ ಆಶಯದಿಂದ 1970ರ ದಶಕದಲ್ಲಿ ಲ್ಯಾಂಪ್ಸ್ ಸಹಕಾರ ಸಂಘಗಳು ಹುಟ್ಟಿದುವು. 2018ರಲ್ಲಿ ಆರಂಭವಾದ ವನಧನ ಯೋಜನೆಯ ಉದ್ದೇಶವೂ ಅದೇ ಬಗೆಯದು: ಸುಮಾರು 300 ಮಂದಿಯ ಒಂದು ಕೇಂದ್ರಕ್ಕೆ 15 ಲಕ್ಷ ರೂಪಾಯಿ. ಭಾಗಿಸಿದರೆ ತಲೆಗೆ 5,000. ಹೋಟೆಲು ನಡೆಸಿದ ನಮ್ಮಂಥವರಿಗೆ ತಿಳಿದಂತೆ ಇಷ್ಟು ಹಣದಿಂದ ಚಹದ ಗಾಡಿಯನ್ನೂ ಹೂಡಲಾಗದು. ಕೂಡಿ ಮಾಡಿದರೆ ಏನಾದರೂ ಆದೀತು. ಆದರೆ ಕೊಳ್ಳುವ ಗಿರಾಕಿಯಿಲ್ಲದ ಮೇಲೆ ಬಂಡವಾಳವು ಎಷ್ಟು ದಿನ ಉಳಿದೀತು?

ನಮ್ಮ ಪಾಲಿನ ಋಣ

ನಮ್ಮ ಜನರು ಬರಿಗೈಯಲ್ಲಿ ಮುಂಬಯಿಗೆ ಬಂದು ಮೇಲೆ ಬಂದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ವಿಚಾರಮಾಡಿದರೆ ಅವರ ಕೈ ಪೂರ್ಣವಾಗಿ ಬರಿದಾಗಿರಲಿಲ್ಲ. ಮೊದಲೇ ಬಂದಿದ್ದ ಮಾವನೋ ಊರಿನವರೋ ಒಂದು ಹೋಟೆಲಿನಲ್ಲಿ ಕೆಲಸ ಕೊಡಿಸಿದರು. ಮಲಗಲು ಜಾಗ ಸಿಕ್ಕಿತು. ರಾತ್ರಿಶಾಲೆ ಅಕ್ಷರ ಕಲಿಸಿತು. ನಂಬಿಕೆಯ ಮೇಲೆ ಕೈಸಾಲ ಹುಟ್ಟಿತು. ಕೊರಗ ಹುಡುಗನಿಗೆ ಈ ಯಾವ ಬಂಡವಾಳವೂ ಇರಲಿಲ್ಲ. ಅವನನ್ನು ಮನೆಯಂಗಳಕ್ಕೇ ಸೇರಿಸದ ಸಮಾಜವು ಹೋಟೆಲಿನ ಅಡಿಗೆಮನೆಗೆ ಸೇರಿಸೀತೇ? ಎಂಜಲಿನ ಜೊತೆಗೆ ಕೂದಲು, ಉಗುರು ಬೆರೆಸಿ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯಿದೆಯೇ ಬೇಕಾಯಿತು. ಸರಕಾರದ ಅನುದಾನವನ್ನು ಕಂಡು “ಅವರಿಗೆ ಎಲ್ಲವೂ ಪುಕ್ಕಟೆ” ಎನ್ನುವವರು ಈ ಲೆಕ್ಕವನ್ನೂ ಬರೆದುಕೊಳ್ಳಬೇಕು.

ಆದುದರಿಂದ ನಮ್ಮ ಸೂಚನೆಗಳು ಇಷ್ಟೇ. ಸರಕಾರವು ಮೊದಲು ನೆಲವನ್ನು ಕೊಡಲಿ, ಅದರೊಡನೆ ಬೇಸಾಯಕ್ಕೆ ನೀರನ್ನೂ ಮೂಲಧನವನ್ನೂ ಕೊಡಲಿ. ಹಣದ ನಿರ್ಧಾರದಲ್ಲಿ ಕೊರಗರ ಸಂಘಟನೆಗಳಿಗೆ ಸ್ಥಾನವಿರಲಿ. ಮುಂಬಯಿಯ ಹೋಟೆಲು ಮಾಲಿಕರು ತರಕಾರಿಗೂ ಸೊಪ್ಪಿಗೂ ಬೇಕಾಗುವ ಬುಟ್ಟಿಗಳನ್ನು ಅವರ ಸಹಕಾರ ಸಂಘಗಳಿಂದ, ಚೌಕಾಸಿ ಮಾಡದೆ, ಯೋಗ್ಯ ಬೆಲೆಗೆ ಕೊಳ್ಳಲಿ. ಕಲಿಯಬಯಸುವ ಕೊರಗ ತರುಣರಿಗೆ ಅಡಿಗೆಮನೆಯಲ್ಲಿಯೂ ಗಲ್ಲಾಪೆಟ್ಟಿಗೆಯ ಬಳಿಯಲ್ಲಿಯೂ ಕೆಲಸ ಕೊಡಲಿ. ರಜೆಯಲ್ಲಿ ಊರಿಗೆ ಹೋಗುವ ವಾಚಕರು ತಮ್ಮ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆಯನ್ನು ಎತ್ತಲಿ: ನಮ್ಮೂರಿನ ಕೊರಗ ಕುಟುಂಬಗಳಲ್ಲಿ ಎಷ್ಟಕ್ಕೆ ಭೂಮಿಯ ಹಕ್ಕುಪತ್ರ ದೊರೆತಿದೆ? ಅದಕ್ಕೆ ಬರುವ ಉತ್ತರವನ್ನು ನಮಗೆ ಬರೆದು ಕಳುಹಿಸಿದರೆ ಈ ಪತ್ರಿಕೆಯಲ್ಲಿ ಸ್ಥಳವಿದೆ.