ನಾಲ್ಕನೇ ಬೋರಿಗೆ ದುಡ್ಡು ಕಳಿಸುವ ಮುನ್ನ

ಬೆಂಗಳೂರಲ್ಲಿ ಕೆಲಸ ಮಾಡೋ ಕೋಲಾರದ ಕಡೆಯವರಿಗೆ ಮಾರ್ಚ್‌ನಲ್ಲಿ ಊರಿಂದ ಬರುವ ಫೋನಿನ ಅರ್ಥ ಗೊತ್ತಿರುತ್ತೆ. ನಮ್ಮಪ್ಪನದ್ದೂ ಅದೇ ಮಾತು: "ಮೂರನೇ ಬೋರೂ ಅರ್ಧ ಗಂಟೆಗೇ ಗಾಳಿ ಬಿಡ್ತಿದೆ ಕಣಮ್ಮ. ಇನ್ನೊಂದು ಪಾಯಿಂಟ್ ನೋಡ್ಸಿದೀನಿ. 3 ಲಕ್ಷ ಆಗಬಹುದು." ಪಾಯಿಂಟ್ ಅಂದ್ರೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತಿದವರು ತೋರಿಸಿದ ಜಾಗ. ಕಾಯಿ ಎದ್ದು ನಿಂತರೆ ರಿಗ್ ಲಾರಿ ಬರುತ್ತೆ.

ಆ 3 ಲಕ್ಷ ನನ್ನ ಹೆಸರಲ್ಲಿ ಸಾಲ ಆಗಬೇಕಿತ್ತು. ಹಾಗಾಗಿ ಕೂತು ಲೆಕ್ಕ ಹಾಕಿದೆ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ನಿಜ. ಆದರೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಇದೆ. ಒಂದು ಎಕರೆ ಮೇಲೆ 1 ಮಿ.ಮೀ. ಬಿದ್ದರೆ 4,000 ಲೀಟರಿಗೂ ಸ್ವಲ್ಪ ಜಾಸ್ತಿ. ಅಂದರೆ ವರ್ಷಕ್ಕೆ ಎಕರೆಗೆ 28 ಲಕ್ಷ ಲೀಟರ್! ಅರ್ಧ ಮಳೆ ಕೈಕೊಟ್ಟರೂ 14 ಲಕ್ಷ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯ್ತಲ್ಲ, ಆಗಲೂ ಮಳೆ ಸೊನ್ನೆ ಇರಲಿಲ್ಲ. ನಾಲ್ಕು ದಿನ ಸುರಿದು ನಲವತ್ತು ದಿನ ಮುನಿಸಿಕೊಳ್ಳೋದೇ ನಮ್ಮ ಕಡೆಯ ಬರ.

ಆ ನಲವತ್ತು ದಿನ ದಾಟಿಸೋಕೆ ಕೃಷಿಹೊಂಡ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ ತೋಡಿದರೆ ಇಳಿಜಾರು ಕಳೆದು ಸುಮಾರು 9 ಲಕ್ಷ ಲೀಟರ್ ಹಿಡಿಯುತ್ತೆ. ಒಣಗ್ತಿರೋ ಒಂದೆಕರೆ ಬೆಳೆಗೆ 25 ಮಿ.ಮೀ. ನೀರು ಕೊಡೋಕೆ 1 ಲಕ್ಷ ಲೀಟರ್ ಸಾಕು. ಆವಿಯಾಗಿ ಹೋದದ್ದು ಹೋಗಲಿ, ಎರಡೆಕರೆಗೆ ಎರಡು ಸಲ ಆರಾಮಾಗಿ ಕೊಡಬಹುದು. ಕೆಲವರು ಹೊಂಡಕ್ಕೂ ಬೋರ್ ನೀರೇ ತುಂಬಿಸ್ತಾರೆ. ಅದು ಉಳಿತಾಯ ಅಲ್ಲ, ನೆಲದೊಳಗಿನ ನೀರನ್ನ ಬಿಸಿಲಿಗೆ ಒಣಹಾಕಿದ ಹಾಗೆ.

"ಹೊಂಡ ನಂಬ್ಕೊಂಡು ಟೊಮ್ಯಾಟೊ ಬೆಳೆಯೋಕಾಗುತ್ತಾ?" ಅಂದರು ಅಪ್ಪ. ನ್ಯಾಯವಾದ ಪ್ರಶ್ನೆ. ಮೂರೆಕರೆ ಪೂರ್ತಿ ಆಗಲ್ಲ. ಅವರ ತಂದೆ ಮಾಡ್ತಿದ್ದ ಅಕ್ಕಡಿ ಸಾಲು ಆಗುತ್ತೆ: ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು. ರಾಗಿಗೆ ಮಳೆ ತಪ್ಪಿದರೂ ತೊಗರಿಯ ಬೇರು ಆಳದ ತೇವ ಹುಡುಕುತ್ತೆ, ಅವರೆ ಇಬ್ಬನಿಯಲ್ಲೇ ಹೂ ಬಿಡುತ್ತೆ. ಟೊಮ್ಯಾಟೊ ಬೆಲೆ ಏರಿದಾಗ ಬರುವ ದುಡ್ಡು ಇದರಲ್ಲಿ ಖಂಡಿತ ಬರಲ್ಲ. ಬೆಲೆ ಬಿದ್ದಾಗ ರಸ್ತೆಗೆ ಸುರಿಯೋ ಸ್ಥಿತಿಯೂ ಬರಲ್ಲ. ಕೊನೆಗೆ ಅರ್ಧ ಎಕರೆ ಟೊಮ್ಯಾಟೊಗೆ ಡ್ರಿಪ್, ಮಿಕ್ಕಿದ್ದಕ್ಕೆ ರಾಗಿ ಅಂತ ಒಪ್ಪಂದವಾಯ್ತು.

ಆದರೆ ಒಬ್ಬರ ಹೊಲದಲ್ಲಿ ಮುಗಿಯೋ ಮಾತಲ್ಲ ಇದು. ನಾವು ನಿಲ್ಲಿಸಿದರೂ ಪಕ್ಕದವರು 1,200 ಅಡಿ ಕೊರೆದರೆ ನಮ್ಮ ಬೋರಿನ ಗತಿ ಏನು? ಮಹಾರಾಷ್ಟ್ರದ ಹಿವರೆ ಬಜಾರ್ ನೋಡಿ. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಆ ಊರು ಗುಡ್ಡದ ಮೇಲೆ ಕಂದಕ ತೋಡಿ ಮಳೆ ನಿಲ್ಲಿಸಿತು. ಬೇಸಾಯಕ್ಕೆ ಕೊಳವೆಬಾವಿ ಬೇಡ, ಕಬ್ಬು, ಬಾಳೆ ಬೇಡ ಅಂತ ತಾನೇ ಕಟ್ಟುಪಾಡು ಹಾಕಿಕೊಂಡಿತು. ಮಳೆ ಅಳೆದು, ಕುಡಿಯೋ ನೀರು ತೆಗೆದಿಟ್ಟು, ಉಳಿದದ್ದರಲ್ಲಿ ಏನು ಬೆಳೀಬೇಕು ಅಂತ ಗ್ರಾಮಸಭೆಯಲ್ಲಿ ತೀರ್ಮಾನ. 2020ರಲ್ಲಿ ಪವಾರ್ ಅವರಿಗೆ ಪದ್ಮಶ್ರೀ ಘೋಷಣೆಯಾಯ್ತು.

ನಮ್ಮಲ್ಲೂ ಇದು ಹೊಸದೇನಲ್ಲ. ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಅಂತ ನೀರು ಹಂಚೋಕೇ ನೀರುಗಂಟಿ ಇದ್ದ. ಬೋರು ಬಂದ ಮೇಲೆ ಕೆರೆ ಯಾರಿಗೂ ಬೇಡವಾಯ್ತು. ಹೂಳು ತುಂಬಿತು, ನೀರು ಬರುವ ಕಾಲುವೆಯಲ್ಲಿ ಜಾಲಿ ಬೆಳೆಯಿತು. ಹೂಳೆತ್ತೋಕೆ ಜೆಸಿಬಿ ಬರುತ್ತೆ, ಫೋಟೋನೂ ಬರುತ್ತೆ. ಕಾಲುವೆ ಒತ್ತುವರಿ ಬಿಡಿಸೋ ಜಗಳಕ್ಕೆ ಮಾತ್ರ ಯಾರೂ ಬರಲ್ಲ.

ನಿಮ್ಮ ಮನೆಯಲ್ಲೂ ಇದೇ ಚರ್ಚೆ ನಡೀತಿದ್ರೆ, ಹೊಂಡದ ಸಹಾಯಧನದ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಮುಂಗಾರಿಗೆ ಮೊದಲೇ ಗುಂಡಿ ಆಗಬೇಕು. ಸುತ್ತ ಬೇಲಿ ಹಾಕಿಸಿ, ಒಳಗೆ ಹಗ್ಗ ಇಳಿಬಿಡಿ. ಪ್ಲಾಸ್ಟಿಕ್ ಹೊದಿಕೆ ಜಾರುತ್ತೆ, ಬಿದ್ದ ಮಗು ಹತ್ತಿ ಬರೋಕಾಗಲ್ಲ. ಬೇಲಿಗೆ ದುಡ್ಡು ತೆಗೆದಿಟ್ಟ ಮೇಲೇ ಜೆಸಿಬಿ ಕರೆಸಿ ಅನ್ನೋದು ನಮ್ಮಮ್ಮನ ಷರತ್ತು.