ಹೆಚ್ಚು ಹೊಡೆಯುವ ಪಾತ್ರವೇ ದೊಡ್ಡದೇ? ಟೇಬಲ್ ಮೇಲಿನ ಸಾಹಸದ ಆಟಗಳ ಲೆಕ್ಕ

"ಆಡಿದರೆ ಯೋಧನ ಪಾತ್ರ ಆಡಬೇಕು, ಇಲ್ಲವೇ ಮಾಂತ್ರಿಕನದು. ಗಾಯ ವಾಸಿ ಮಾಡುವ ಪಾತ್ರ ತೆಗೆದುಕೊಂಡರೆ ಸುಮ್ಮನೆ ಕೂರುವುದೇ ಕೆಲಸ." ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಂಥ ಆಟಗಳನ್ನು ಹೊಸದಾಗಿ ಶುರು ಮಾಡುವವರಿಗೆ ಸಿಗುವ ಮೊದಲ ಸಲಹೆ ಬಹುತೇಕ ಇದೇ. ಇದರ ಹಿಂದೆಯೇ ಇನ್ನೆರಡು ಮಾತು ಬರುತ್ತವೆ: ಎಲ್ಲ ಪಾತ್ರಗಳ ಶಕ್ತಿ ಒಂದೇ ಸಮ ಇದ್ದರೆ ಮಾತ್ರ ಆಟ ನ್ಯಾಯವಾಗಿರುತ್ತದೆ, ಮತ್ತು ಏನೇ ಮಾಡಿದರೂ ಕೊನೆಗೆ ಮಾಂತ್ರಿಕನೇ ಮೇಲಾಗುತ್ತಾನೆ.

ಈ ಮಾತುಗಳಲ್ಲಿ ಎಷ್ಟು ನಿಜ? ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು, ಇದನ್ನು ನೀವೇ ಪರೀಕ್ಷಿಸಬಹುದು. ಒಂದೊಂದಾಗಿ ನೋಡೋಣ.

ಮೊದಲು, ಇದು ಯಾವ ಆಟ?

ನಾಲ್ಕೈದು ಜನ ಒಂದು ಟೇಬಲ್ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಅವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ. "ನಾನು ಬಾಗಿಲು ಒಡೆಯುತ್ತೇನೆ" ಎಂದು ಆಟಗಾರ ಹೇಳಿದರೆ, ಅದು ಆಯಿತೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ತಿಳಿಯಬೇಕು. ಇಲ್ಲಿ ಹೆಚ್ಚಾಗಿ ಬಳಸುವುದು 20 ಮುಖದ ದಾಳ. ಮಂತ್ರ ಎಂದರೂ ಅದು ನಿಯಮ ಪುಸ್ತಕದಲ್ಲಿ ಬರೆದಿರುವ ಲೆಕ್ಕ ಅಷ್ಟೇ. ಮಾಟಕ್ಕೂ ಇದಕ್ಕೂ ಸಂಬಂಧವಿಲ್ಲ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಆಗ ಇದ್ದದ್ದು ಮೂರೇ ಬಗೆಯ ಪಾತ್ರ: ಕತ್ತಿ ಹಿಡಿಯುವ ಯೋಧ, ಮಂತ್ರ ಹಾಕುವ ಮಾಂತ್ರಿಕ, ಗಾಯ ವಾಸಿ ಮಾಡುವ ಕ್ಲೆರಿಕ್. ಬೀಗ ತೆಗೆಯುವ, ಸದ್ದಿಲ್ಲದೆ ನುಸುಳುವ ಕಳ್ಳನ ಪಾತ್ರ 1975ರ ಪುರವಣಿ ಪುಸ್ತಕದಲ್ಲಿ ಸೇರಿತು. ಈ ಆಟದಲ್ಲಿ ಆಟಗಾರರು ಒಬ್ಬರ ವಿರುದ್ಧ ಒಬ್ಬರು ಆಡುವುದಿಲ್ಲ. ಎಲ್ಲರೂ ಒಂದೇ ತಂಡ. ಆದ್ದರಿಂದ ಸಮತೋಲನ ಎಂದರೆ "ಯಾರು ಯಾರನ್ನು ಸೋಲಿಸಬಲ್ಲರು" ಎಂದು ಕೇಳುವುದಲ್ಲ. "ತಂಡಕ್ಕೆ ಯಾರು ಬೇಕಾಗುತ್ತಾರೆ, ಯಾವಾಗ ಬೇಕಾಗುತ್ತಾರೆ" ಎಂದು ಕೇಳಬೇಕು.

ನಂಬಿಕೆ 1: ಹೆಚ್ಚು ಏಟು ಕೊಡುವ ಪಾತ್ರವೇ ಹೆಚ್ಚು ಉಪಯುಕ್ತ

ನಿಜ ಏನು? ಒಂದು ಸರಳ ಲೆಕ್ಕ ಮಾಡೋಣ.

ತಂಡದಲ್ಲಿ ನಾಲ್ವರು ಇದ್ದಾರೆ. ಪ್ರತಿಯೊಬ್ಬರ ಏಟು ತಾಗುವ ಸಾಧ್ಯತೆ 50%, ತಾಗಿದರೆ ಸರಾಸರಿ 8 ಅಂಕದ ಹಾನಿ ಎಂದಿಟ್ಟುಕೊಳ್ಳಿ. ಅಂದರೆ ಒಂದು ಸುತ್ತಿನಲ್ಲಿ ಒಬ್ಬರ ಕೊಡುಗೆ ಸರಾಸರಿ 4, ನಾಲ್ವರದು 16. ಮೂರು ಸುತ್ತಿಗೆ 48.

ಈಗ ಅದೇ ತಂಡದ ಕ್ಲೆರಿಕ್ ಮೊದಲ ಸುತ್ತಿನಲ್ಲಿ ಹೊಡೆಯುವುದಿಲ್ಲ. ಬದಲಿಗೆ "ಬ್ಲೆಸ್" ಎಂಬ ಮಂತ್ರ ಹಾಕುತ್ತಾಳೆ. ಇದರಿಂದ ಉಳಿದ ಮೂವರೂ ತಮ್ಮ ದಾಳಕ್ಕೆ 4 ಮುಖದ ಇನ್ನೊಂದು ದಾಳದ ಅಂಕ ಸೇರಿಸಿಕೊಳ್ಳಬಹುದು. ಆ ದಾಳದ ಸರಾಸರಿ 2.5. 20 ಮುಖದ ದಾಳದಲ್ಲಿ ಒಂದು ಅಂಕಕ್ಕೆ 5%ರಂತೆ ಏಟು ತಾಗುವ ಸಾಧ್ಯತೆ 50%ರಿಂದ 62.5%ಕ್ಕೆ ಏರುತ್ತದೆ. ಒಬ್ಬೊಬ್ಬರ ಕೊಡುಗೆ 4ರಿಂದ 5 ಆಗುತ್ತದೆ.

ಮೊದಲ ಸುತ್ತಿನಲ್ಲಿ ಮೂವರಿಂದ 15. ಕ್ಲೆರಿಕ್‌ನಿಂದ ಸೊನ್ನೆ. ಮುಂದಿನ ಎರಡು ಸುತ್ತುಗಳಲ್ಲಿ ಮಂತ್ರ ಮುಂದುವರಿಯುತ್ತದೆ, ಅವಳೂ ಹೊಡೆಯುತ್ತಾಳೆ. ಸುತ್ತಿಗೆ 19ರಂತೆ 38. ಒಟ್ಟು 53.

ಗಮನಿಸಿ: ಅವಳ ಸ್ವಂತ ಲೆಕ್ಕ 12ರಿಂದ 8ಕ್ಕೆ ಇಳಿಯಿತು. ತಂಡದ ಲೆಕ್ಕ 48ರಿಂದ 53ಕ್ಕೆ ಏರಿತು. "ಯಾರು ಎಷ್ಟು ಹೊಡೆದರು" ಎಂಬ ಪಟ್ಟಿ ಮಾಡಿದರೆ ಅವಳು ಕೊನೆಯಲ್ಲಿರುತ್ತಾಳೆ, ಆದರೆ ತಂಡಕ್ಕೆ ಲಾಭವಾದದ್ದು ಅವಳಿಂದಲೇ. ಯುದ್ಧ ಒಂದೇ ಸುತ್ತಿಗೆ ಮುಗಿಯುವುದಾದರೆ ಮಾತ್ರ ಈ ಮಂತ್ರ ನಷ್ಟ: 16ರ ಬದಲು 15. ಅಂದರೆ ಪಾತ್ರದ ಬೆಲೆ ಸಂದರ್ಭದ ಮೇಲೆ ನಿಂತಿದೆ.

ಇದು ಕ್ರಿಕೆಟ್ ನೋಡುವವರಿಗೆ ಹೊಸದಲ್ಲ. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನಡೆದ ಮಹಿಳಾ ವಿಶ್ವಕಪ್ ಪಂದ್ಯದಲ್ಲಿ ಭಾರತ 265 ರನ್ ಗಳಿಸಿತು. ಮಿಥಾಲಿ ರಾಜ್ 109, ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 70. ಆಮೇಲೆ ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್, ಭಾರತ ಸೆಮಿಫೈನಲ್‌ಗೆ. ರನ್ ಪಟ್ಟಿಯ ಮೇಲ್ಭಾಗದಲ್ಲಿ ರಾಜೇಶ್ವರಿಯ ಹೆಸರಿಲ್ಲ. ಹಾಗೆಂದು ಅವರಿಂದ ತಂಡಕ್ಕೆ ಉಪಯೋಗವಾಗಲಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ?

ನಂಬಿಕೆ 2: ಎಲ್ಲರ ಶಕ್ತಿ ಸಮ ಇದ್ದರೆ ಆಟ ಸಮತೋಲನದಲ್ಲಿರುತ್ತದೆ

ನಿಜ ಏನು? ಆಟ ರೂಪಿಸಿದವರೇ ಇದನ್ನು ಬೇರೆ ಬೇರೆ ರೀತಿಯಲ್ಲಿ ಪ್ರಯತ್ನಿಸಿ ನೋಡಿದ್ದಾರೆ.

ಹಳೆಯ ಆವೃತ್ತಿಗಳಲ್ಲಿ ಬೆಳವಣಿಗೆಯ ವೇಗವೇ ಬೇರೆ ಬೇರೆ ಇತ್ತು. 1981ರ ಬೇಸಿಕ್ ಆವೃತ್ತಿಯಲ್ಲಿ ಎರಡನೇ ಹಂತಕ್ಕೇರಲು ಕಳ್ಳನಿಗೆ 1200 ಅನುಭವ ಅಂಕ ಸಾಕು. ಕ್ಲೆರಿಕ್‌ಗೆ 1500, ಯೋಧನಿಗೆ 2000, ಮಾಂತ್ರಿಕನಿಗೆ 2500 ಬೇಕು. ಮೊದಲ ಹಂತದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ, ಜೀವ ಅಂಕವೂ 4 ಮುಖದ ದಾಳ ಕೊಟ್ಟಷ್ಟೇ. ಮುಂದೆ ಬಲಶಾಲಿ ಆಗುವವನು ಮೊದಲು ಕಷ್ಟಪಡಲಿ ಎಂಬ ಲೆಕ್ಕ ಇದು. ಆದರೆ ಇದರಲ್ಲೊಂದು ತೊಡಕಿತ್ತು. ಶುರುವಿನ ತಿಂಗಳುಗಳಲ್ಲಿ ಮಾಂತ್ರಿಕ ಬೇಸರಪಟ್ಟ, ಕೊನೆಯ ತಿಂಗಳುಗಳಲ್ಲಿ ಯೋಧ ಬೇಸರಪಟ್ಟ. ವರ್ಷದ ಸರಾಸರಿ ಸಮ ಇದ್ದರೂ ಇಂದು ಸಂಜೆ ಕೂತವರಿಗೆ ಅದರಿಂದ ಸಮಾಧಾನವಿಲ್ಲ.

2008ರ ನಾಲ್ಕನೇ ಆವೃತ್ತಿ ಬೇರೆ ದಾರಿ ಹಿಡಿಯಿತು. ಯುದ್ಧದಲ್ಲಿ ನಾಲ್ಕು ಕೆಲಸಗಳನ್ನು ಸ್ಪಷ್ಟವಾಗಿ ಹೆಸರಿಸಿತು: ಶತ್ರುವನ್ನು ತಡೆದು ನಿಲ್ಲಿಸುವವರು, ಬಲವಾಗಿ ಹೊಡೆಯುವವರು, ಜೊತೆಗಾರರನ್ನು ಬಲಪಡಿಸಿ ಗಾಯ ವಾಸಿ ಮಾಡುವವರು, ಇಡೀ ರಂಗವನ್ನು ಹಿಡಿತದಲ್ಲಿಡುವವರು. ತಡೆಯುವ ಪಾತ್ರ ಶತ್ರುವಿನ ಮೇಲೆ ಗುರುತು ಹಾಕಿದರೆ, ಆ ಶತ್ರು ಬೇರೆಯವರನ್ನು ಹೊಡೆಯಲು ಹೋದಾಗ ಅವನ ದಾಳದಲ್ಲಿ 2 ಅಂಕ ಕಡಿತ. ಹೊಡೆಯದೆಯೂ ಜೊತೆಗಾರರನ್ನು ಕಾಯುವ ಕೆಲಸಕ್ಕೆ ಹೀಗೆ ನಿಯಮದಲ್ಲೇ ಜಾಗ ಸಿಕ್ಕಿತು.

ಲೆಕ್ಕದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಆವೃತ್ತಿ. ಆದರೂ ಅನೇಕ ಆಟಗಾರರ ದೂರು ಏನಾಗಿತ್ತು ಗೊತ್ತೇ? ಎಲ್ಲ ಪಾತ್ರಗಳ ಚೌಕಟ್ಟೂ ಒಂದೇ ತರಹ ಇದೆ, ಯೋಧ ಆಡಿದರೂ ಮಾಂತ್ರಿಕ ಆಡಿದರೂ ಹೆಚ್ಚು ವ್ಯತ್ಯಾಸ ಅನಿಸುವುದಿಲ್ಲ ಎಂದು. 2014ರ ಐದನೇ ಆವೃತ್ತಿ ಆ ನಾಲ್ಕು ಹೆಸರುಗಳನ್ನು ಕೈಬಿಟ್ಟಿತು. ಸಮತೋಲನ ಬೇಕು, ಆದರೆ ಎಲ್ಲರೂ ಒಂದೇ ಅಚ್ಚಿನಲ್ಲಿ ಬರುವುದು ಬೇಡ ಎಂಬುದು ಇದರಿಂದ ತಿಳಿಯುವ ಪಾಠ.

ನಂಬಿಕೆ 3: ಕೊನೆಗೆ ಮಾಂತ್ರಿಕನೇ ಮೇಲು

ನಿಜ ಏನು? ಅರ್ಧ ನಿಜ. ಉಳಿದರ್ಧ ಗೇಮ್ ಮಾಸ್ಟರ್ ಕೈಯಲ್ಲಿದೆ.

2014ರ ನಿಯಮದ ಪ್ರಕಾರ ಐದನೇ ಹಂತದ ಮಾಂತ್ರಿಕ "ಫೈರ್‌ಬಾಲ್" ಹಾಕಿದರೆ ಎಂಟು ದಾಳಗಳ ಹಾನಿ, ಸರಾಸರಿ 28. ಅದೂ ಒಬ್ಬರಿಗಲ್ಲ, ಆ ಬೆಂಕಿಯ ವ್ಯಾಪ್ತಿಯಲ್ಲಿ ನಿಂತ ಎಲ್ಲರಿಗೂ. ಅದೇ ಹಂತದ ಯೋಧನಿಗೆ ಒಂದು ಸರದಿಯಲ್ಲಿ ಸಾಮಾನ್ಯವಾಗಿ ಎರಡು ಏಟು. ಇಷ್ಟನ್ನೇ ನೋಡಿದರೆ ಹೋಲಿಕೆಯೇ ಇಲ್ಲ.

ಆದರೆ ಮಾಂತ್ರಿಕ ಅದನ್ನು ಎಷ್ಟು ಸಲ ಹಾಕಬಹುದು? ದಿನಕ್ಕೆ ಎರಡು ಸಲ. ನಡುವೆ ಸ್ವಲ್ಪ ವಿಶ್ರಾಂತಿ ಸಿಕ್ಕರೆ ಇನ್ನೊಂದು ಸಲ. ಯೋಧನ ಕತ್ತಿಗೆ ಅಂಥ ಮಿತಿ ಇಲ್ಲ. ಆ ಆವೃತ್ತಿಯ ಮಾರ್ಗದರ್ಶಿ ಪುಸ್ತಕ ಕಥೆಯೊಳಗಿನ ಒಂದು ದಿನಕ್ಕೆ ಮಧ್ಯಮ ಅಥವಾ ಕಠಿಣ ಮಟ್ಟದ 6ರಿಂದ 8 ಎದುರಾಟಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದೆ. ಎಂಟು ಎದುರಾಟ ಇದ್ದರೆ, ಕನಿಷ್ಠ ಐದರಲ್ಲಿ ಫೈರ್‌ಬಾಲ್ ಇರುವುದಿಲ್ಲ. ಅಲ್ಲಿ ಯೋಧ ಬೇಕು.

ಆದರೆ ರಾತ್ರಿ ಮೂರು ತಾಸು ಸಿಗುವ ಗೆಳೆಯರ ಗುಂಪಿನಲ್ಲಿ ಆಗುವುದೇನು? ಒಂದೇ ಒಂದು ದೊಡ್ಡ ಯುದ್ಧ, ಆಮೇಲೆ ಪಾತ್ರಗಳು ಮಲಗಿ ಏಳುತ್ತವೆ. ಮಾಂತ್ರಿಕನಿಗೆ ಉಳಿಸಿಕೊಳ್ಳುವ ಚಿಂತೆಯೇ ಇಲ್ಲ, ಎಲ್ಲವನ್ನೂ ಒಮ್ಮೆಲೇ ಸುರಿಯುತ್ತಾನೆ. ಆಗ "ಮಾಂತ್ರಿಕನೇ ಮೇಲು" ಎಂಬ ಮಾತು ನಿಜವಾಗುತ್ತದೆ. ತಪ್ಪು ಪಾತ್ರದ್ದಲ್ಲ, ದಿನದ ಲೆಕ್ಕದ್ದು.

ಮನಗೂಳಿ, ಬಾಗೇವಾಡಿ, ಸಿಂದಗಿ ಕಡೆ ಕಬಡ್ಡಿ ನೋಡಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರೊ ಕಬಡ್ಡಿಯ ನಿಯಮ ನೆನಪಿಸಿಕೊಳ್ಳಿ. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ರೈಡರ್‌ಗೆ ಬೋನಸ್ ಗೆರೆಯ ಅಂಕ ಸಿಗುತ್ತದೆ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿದ್ದು, ಅವರು ರೈಡರ್‌ನನ್ನು ಹಿಡಿದರೆ ಒಂದು ಅಂಕ ಹೆಚ್ಚು. ಅದೇ ಸೂಪರ್ ಟ್ಯಾಕಲ್. ಯಾರೂ ರೈಡರ್ ಮತ್ತು ಡಿಫೆಂಡರ್‌ನ ಬಲ ತೂಗಿ ಸಮ ಮಾಡಿಲ್ಲ. ಸಂದರ್ಭ ಬದಲಾದಂತೆ ಯಾರ ಕೆಲಸಕ್ಕೆ ಬೆಲೆ ಹೆಚ್ಚು ಎಂಬುದು ಬದಲಾಗುವ ಹಾಗೆ ನಿಯಮ ಮಾಡಿದ್ದಾರೆ.

ನಂಬಿಕೆ 4: ನಿಯಮ ಸರಿ ಇದ್ದರೆ ಎಲ್ಲರಿಗೂ ಪಾಲು ತಾನಾಗಿ ಸಿಗುತ್ತದೆ

ನಿಜ ಏನು? ಸಿಗುವುದಿಲ್ಲ. ಇಲ್ಲೂ ಒಂದು ಲೆಕ್ಕ ಇದೆ.

ಐವರು ಆಟಗಾರರು, ಒಬ್ಬ ಗೇಮ್ ಮಾಸ್ಟರ್. ಒಬ್ಬೊಬ್ಬರ ಸರದಿಗೆ 4 ನಿಮಿಷ ಎಂದರೆ ಒಂದು ಸುತ್ತಿಗೆ 24 ನಿಮಿಷ. ಏಟು ತಾಗುವ ಸಾಧ್ಯತೆ 50% ಇದ್ದಾಗ, ಸತತ ಮೂರು ಸಲ ತಪ್ಪುವ ಸಾಧ್ಯತೆ ಎಂಟರಲ್ಲಿ ಒಂದು. ಐವರಲ್ಲಿ ಒಬ್ಬರಿಗಾದರೂ ಹೀಗಾಗುವ ಸಾಧ್ಯತೆ ಸುಮಾರು 49%. ಅಂದರೆ ಮೂರು ಸುತ್ತಿನ ಯುದ್ಧಗಳಲ್ಲಿ ಹೆಚ್ಚುಕಡಿಮೆ ಎರಡಕ್ಕೊಂದರಲ್ಲಿ ಯಾರೋ ಒಬ್ಬರು 72 ನಿಮಿಷ ಕೂತು ಏನೂ ಸಾಧಿಸದೆ ಎದ್ದು ಹೋಗುತ್ತಾರೆ. ಅವರ ಪಾತ್ರದಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ.

ಇದಕ್ಕೆ ಮನುಷ್ಯರ ಸ್ವಭಾವ ಬೇರೆ ಸೇರುತ್ತದೆ. ಜೋರಾಗಿ ಮಾತಾಡುವವರು ಪ್ರತಿ ಬಾಗಿಲನ್ನೂ ತಾವೇ ತೆರೆಯುತ್ತಾರೆ. ತಡವಾಗಿ ಸೇರಿದವರಿಗೆ, ಕಿರಿಯ ತಮ್ಮನಿಗೋ ತಂಗಿಗೋ "ಗಾಯ ವಾಸಿ ಮಾಡುವವರು ಯಾರೂ ಇಲ್ಲ, ನೀನೇ ಆಗು" ಎಂದು ಪಾತ್ರ ಅಂಟಿಸುತ್ತಾರೆ. ಅವರು ಎರಡು ವಾರ ಬರುತ್ತಾರೆ, ಮೂರನೇ ವಾರ ಟ್ಯೂಷನ್ ಇದೆ ಅನ್ನುತ್ತಾರೆ. ಸಮತೋಲನ ತಪ್ಪಿದಾಗ ನಿಜವಾಗಿ ಕಳೆದುಹೋಗುವುದು ಆಟದ ಅಂಕವಲ್ಲ, ಆಡುವ ಮನುಷ್ಯರು.

ನಮ್ಮ ದೊಡ್ಡಾಟದಲ್ಲಿ ಇದಕ್ಕೊಂದು ಚಂದದ ಉತ್ತರವಿದೆ. ಅಲ್ಲಿ ಸಾರಥಿ ಎಂಬ ಪಾತ್ರ ಬರುತ್ತದೆ. ಅವನಿಗೆ ರಾಜ್ಯವಿಲ್ಲ, ಭುಜಕೀರ್ತಿಯಿಲ್ಲ, ಯುದ್ಧ ಗೆಲ್ಲುವುದೂ ಅವನಲ್ಲ. ಆದರೆ ರಾಜ ವೇಷ ರಂಗಕ್ಕೆ ಬಂದಾಗ ತಾವು ಯಾರು, ಯಾವ ಊರು ಎಂದು ಮಾತಾಡಿಸುವವನು, ನಡುನಡುವೆ ನಗಿಸುವವನು ಅವನೇ. ರಾಜನ ಅಬ್ಬರಕ್ಕೆ ಒಂದು ತೂಕ, ಸಾರಥಿಯ ಮಾತಿಗೆ ಇನ್ನೊಂದು ತೂಕ. ಒಬ್ಬರ ಕೆಲಸವನ್ನು ಇನ್ನೊಬ್ಬರು ಕಸಿದುಕೊಳ್ಳುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಆಟ ನಡೆಸುವವರು:
• ಯುದ್ಧವೊಂದನ್ನೇ ಇಡಬೇಡಿ. ಬೀಗ, ಸುಳಿವು, ಚೌಕಾಸಿ, ದಾರಿ ಹುಡುಕುವುದು ಇವೂ ಬರಲಿ. ಪ್ರತಿ ಪಾತ್ರದ ಒಂದು ಸಾಮರ್ಥ್ಯವಾದರೂ ಅಂದು ಬೇಕಾಗುವಂತೆ ನೋಡಿ.
• ಒಂದೇ ದೊಡ್ಡ ಯುದ್ಧದ ಬದಲು ಎರಡು ಮೂರು ಸಣ್ಣವು ಇಡಿ. ನಡುವೆ ಮಲಗಿ ಏಳಲು ಬಿಡಬೇಡಿ.
• ಸುಮ್ಮನಿರುವವರನ್ನು ಹೆಸರು ಹಿಡಿದು "ನೀವು ಏನು ಮಾಡುತ್ತೀರಿ?" ಎಂದು ಕೇಳಿ.
• ಹಿಂದುಳಿದ ಪಾತ್ರಕ್ಕೆ ಏನಾದರೂ ಕೊಡಿ. ಮುಂದಿರುವವರಿಂದ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಬೇಸರಪಡುವವರು ಬದಲಾಗುತ್ತಾರೆ ಅಷ್ಟೇ.

ಆಡುವವರು:
• ಪಾತ್ರ ಮಾಡುವ ಮೊದಲು ಎಲ್ಲರೂ ಒಟ್ಟಿಗೆ ಕೂತು ಮಾತಾಡಿ. ಒಂದೇ ಕೆಲಸಕ್ಕೆ ಇಬ್ಬರು ನಿಂತರೆ ಇಬ್ಬರಲ್ಲಿ ಒಬ್ಬರು ಮರೆಯಾಗುತ್ತಾರೆ.
• ಗಾಯ ವಾಸಿ ಮಾಡುವ ಪಾತ್ರವನ್ನು ಯಾರ ಮೇಲೂ ಹೇರಬೇಡಿ. ಯಾರಿಗೂ ಬೇಡವಾದರೆ ಔಷಧದ ಬಾಟಲಿಗಳನ್ನು ಕೊಳ್ಳಬಹುದು, ನಿಯಮದಲ್ಲೇ ಅವಕಾಶವಿದೆ.
• ನಿಮ್ಮ ಸರದಿ ಬರುವ ಮೊದಲೇ ಏನು ಮಾಡಬೇಕೆಂದು ಯೋಚಿಸಿಡಿ. 4 ನಿಮಿಷ 2 ಆದರೆ ಎಲ್ಲರ ಕಾಯುವಿಕೆಯೂ ಅರ್ಧಕ್ಕೆ ಇಳಿಯುತ್ತದೆ.
• ಜೊತೆಗಾರರ ಸಹಾಯದಿಂದ ನಿಮ್ಮ ಏಟು ತಾಗಿದರೆ ಅದನ್ನು ಬಾಯಿಬಿಟ್ಟು ಹೇಳಿ. "ನಿಮ್ಮ ಆ 3 ಅಂಕದಿಂದಲೇ ತಾಗಿತು" ಎಂದರೆ ಸಾಕು.

ಫಾರ್ವರ್ಡ್ ಮಾಡುವ ಮುನ್ನ

"ಹೆಚ್ಚು ಹೊಡೆಯುವವರೇ ಮುಖ್ಯ" ಎಂಬುದು ತಪ್ಪು. "ಎಲ್ಲರ ಶಕ್ತಿ ಸಮ ಇರಬೇಕು" ಎಂಬುದೂ ತಪ್ಪು. "ಮಾಂತ್ರಿಕನೇ ಮೇಲು" ಎಂಬುದು ದಿನಕ್ಕೊಂದೇ ಯುದ್ಧ ಇಡುವ ಆಟಗಳಲ್ಲಿ ನಿಜ, ಉಳಿದ ಕಡೆ ಅಲ್ಲ. "ನಿಯಮವೇ ಎಲ್ಲವನ್ನೂ ನೋಡಿಕೊಳ್ಳುತ್ತದೆ" ಎಂಬುದೂ ತಪ್ಪು.

ನಿಮ್ಮ ಆಟ ಸಮತೋಲನದಲ್ಲಿದೆಯೇ ಎಂದು ತಿಳಿಯಲು ಪಾತ್ರದ ಹಾಳೆ ನೋಡುವ ಅಗತ್ಯವಿಲ್ಲ. ಆಟ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಇವತ್ತು ನಿಮ್ಮ ಪಾತ್ರ ಇಲ್ಲದಿದ್ದರೆ ಯಾವ ಕೆಲಸ ಆಗುತ್ತಿರಲಿಲ್ಲ? ಯಾರಿಗೆ ಉತ್ತರ ಸಿಗುವುದಿಲ್ಲವೋ, ಮುಂದಿನ ವಾರದ ಕಥೆಯನ್ನು ಅವರಿಂದ ಶುರು ಮಾಡಿ.