ಬಿಸಿಸಿಐ ಮೀಟಿಂಗ್‌ನಲ್ಲಿ ಯಾರು ಕೂರಬಹುದು? ಒಂದು ಕುರ್ಚಿಗಾಗಿ ನಡೆದ ಜಗಳದ ಕತೆ

ನಮ್ಮೂರ ಹಾಲಿನ ಡೇರಿಯಲ್ಲಿ ಆಡಳಿತ ಮಂಡಳಿ ಸಭೆ ನಡೆಯುವಾಗ, ಚುನಾವಣೆಯಲ್ಲಿ ಸೋತ ಮಾಜಿ ಅಧ್ಯಕ್ಷರು ಹೊರಗಿನ ಬೆಂಚಿನ ಮೇಲೆ ಕೂತಿರ್ತಿದ್ರು. ಹತ್ತು ನಿಮಿಷ ಕಳೆದ ಮೇಲೆ ಟೀ ನೆಪದಲ್ಲಿ ಒಳಗೆ ಹೋದವರು ಸಭೆ ಮುಗಿಯೋವರೆಗೂ ಏಳ್ತಿರಲಿಲ್ಲ. ಅವರಿಗೆ ವೋಟಿಲ್ಲ, ಸಹಿ ಹಾಕುವಂತಿಲ್ಲ. ಆದ್ರೆ ಅವರು ಎದುರಿಗೆ ಕೂತಿರುವಾಗ ಅವರ ಕಾಲದ ಲೆಕ್ಕ ಕೇಳೋಕೆ ಯಾವ ನಿರ್ದೇಶಕರಿಗೂ ಬಾಯಿ ಬರ್ತಿರಲಿಲ್ಲ. ‘ಸುಮ್ನೆ ಕೂತಿದ್ರೆ ಏನಾಯ್ತು?’ ಅನ್ನೋ ಪ್ರಶ್ನೆಯನ್ನು ನಾನು ಆವತ್ತಿನಿಂದ ನಂಬೋದು ಬಿಟ್ಟೆ.

ಇದೇ ಪ್ರಶ್ನೆ 2017ರಲ್ಲಿ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಡೇರಿ ಮಾತ್ರ ಸ್ವಲ್ಪ ದೊಡ್ಡದು, ಬಿಸಿಸಿಐ.

ಹಿನ್ನೆಲೆ ನಿಮಗೆ ಗೊತ್ತೇ ಇರ್ತದೆ. 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಹಗರಣದ ನಂತರ ಕೋರ್ಟು ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿ ನೇಮಿಸಿತು. ಸಮಿತಿಯ ವರದಿ ಬಂದಿದ್ದು 2016ರ ಜನವರಿಯಲ್ಲಿ. ಅದರ ಬಹುಪಾಲು ಶಿಫಾರಸುಗಳನ್ನು ಕೋರ್ಟು ಅದೇ ವರ್ಷ ಜುಲೈ 18ರಂದು ಒಪ್ಪಿಕೊಂಡಿತು. 70 ವರ್ಷ ದಾಟಿದವರು, ಮಂತ್ರಿಗಳು, ಸರ್ಕಾರಿ ನೌಕರರು ಪದಾಧಿಕಾರಿಗಳಾಗುವಂತಿಲ್ಲ ಅನ್ನೋದು ಅದರಲ್ಲಿತ್ತು.

ಆದರೆ 2017ರ ಜೂನ್‌ನಲ್ಲಿ ಮಂಡಳಿಯ ವಿಶೇಷ ಸರ್ವಸದಸ್ಯರ ಸಭೆಗೆ ಎನ್. ಶ್ರೀನಿವಾಸನ್ ಮತ್ತು ನಿರಂಜನ್ ಶಾ ಇಬ್ಬರೂ ಹೋದರು. ಇಬ್ಬರಿಗೂ 70 ದಾಟಿತ್ತು. ಅವರ ಕಡೆಯ ವಾದ ಸರಳ: ನಾವು ಪದಾಧಿಕಾರಿಗಳಾಗಿ ಬಂದಿಲ್ಲ, ರಾಜ್ಯ ಸಂಸ್ಥೆಯ ಪ್ರತಿನಿಧಿಗಳಾಗಿ ಬಂದಿದ್ದೇವೆ. ಕೋರ್ಟು ಇದನ್ನು ಒಪ್ಪಲಿಲ್ಲ. ಪದಾಧಿಕಾರಿಯಾಗಲು ಅನರ್ಹನಾದವನು ಬೇರೊಬ್ಬರ ಪ್ರತಿನಿಧಿಯಾಗಿ ಅದೇ ಬಾಗಿಲಿಂದ ಒಳಗೆ ಬರೋ ಹಾಗಿಲ್ಲ. ಜುಲೈ 26ರ ಸಭೆಗೆ ರಾಜ್ಯ ಸಂಸ್ಥೆಗಳ ಪದಾಧಿಕಾರಿಗಳು ಮಾತ್ರ ಬರಬಹುದು ಅಂತ ಹೇಳಿತು.

ಮುಂದಿನದ್ದು ಇನ್ನೂ ಸೊಗಸಾಗಿದೆ. ‘ಪದಾಧಿಕಾರಿಗಳು ಮಾತ್ರ’ ಅನ್ನೋ ಮಾತನ್ನೇ ಹಿಡಿದು, ಆ ಸಭೆಯಲ್ಲಿ ಮಂಡಳಿಯ ಸಿಇಒ ರಾಹುಲ್ ಜೋಹ್ರಿ ಅವರನ್ನು ಎದ್ದು ಹೋಗಿ ಅಂದರು. ದಿನನಿತ್ಯ ಸಂಸ್ಥೆ ನಡೆಸೋ ಅಧಿಕಾರಿ ಹೊರಗೆ! ಯಾರನ್ನೋ ತಡೆಯಲು ಕಟ್ಟಿದ ಬೇಲಿಯನ್ನು ಇನ್ಯಾರನ್ನೋ ಆಚೆ ಇಡೋಕೆ ಹೇಗೆ ಬಳಸಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿ ಎರಡು ಸಭೆಗಳನ್ನು ಬೇರೆ ಮಾಡಿಕೊಳ್ಳಿ. ಸರ್ವಸದಸ್ಯರ ಸಭೆಯಲ್ಲಿ ರಾಜ್ಯ ಸಂಸ್ಥೆಗಳೆಲ್ಲ ಕೂರುತ್ತವೆ. ಸಂಸ್ಥೆಯ ಆಡಳಿತ ನೋಡಿಕೊಳ್ಳೋದು ಅದಕ್ಕಿಂತ ಚಿಕ್ಕ ಕಾರ್ಯಕಾರಿ ಸಮಿತಿ. ಹಿಂದೆ ಅದರ ಹೆಸರು ವರ್ಕಿಂಗ್ ಕಮಿಟಿ. 2018ರ ಆಗಸ್ಟ್ 9ರಂದು ಕೋರ್ಟು ಒಪ್ಪಿದ ಹೊಸ ಸಂವಿಧಾನದಲ್ಲಿ ಅದರ ಜಾಗಕ್ಕೆ ಬಂದಿದ್ದು ಅಪೆಕ್ಸ್ ಕೌನ್ಸಿಲ್. ಅಲ್ಲಿ ಒಂಬತ್ತು ಕುರ್ಚಿ. ಐದು ಪದಾಧಿಕಾರಿಗಳಿಗೆ, ಒಂದು ಸರ್ವಸದಸ್ಯರ ಸಭೆ ಆರಿಸಿದವರಿಗೆ, ಎರಡು ಆಟಗಾರರ ಸಂಘಕ್ಕೆ (ಒಬ್ಬ ಪುರುಷ, ಒಬ್ಬ ಮಹಿಳೆ), ಒಂದು ಸಿಎಜಿ, ಅಂದ್ರೆ ಮಹಾಲೇಖಪಾಲರು ಕಳಿಸಿದವರಿಗೆ.

ಈ ಕೊನೆಯ ಕುರ್ಚಿಯ ಮೇಲೆ ಬಿದ್ದ ಜಗಳ ನೋಡಿ. ಸಿಎಜಿಯವರು ಒಳಗೆ ಬಂದರೆ ಅದು ಸರ್ಕಾರದ ಹಸ್ತಕ್ಷೇಪ, ಐಸಿಸಿ ನಮ್ಮನ್ನು ಅಮಾನತು ಮಾಡಬಹುದು ಅನ್ನೋದು ಮಂಡಳಿಯ ವಾದ. ಈ ಬಗ್ಗೆ ಸ್ಪಷ್ಟನೆ ಕೊಡಿ ಅಂತ ಆಗಿನ ಬಿಸಿಸಿಐ ಅಧ್ಯಕ್ಷ ಅನುರಾಗ್ ಠಾಕೂರ್, ಐಸಿಸಿ ಅಧ್ಯಕ್ಷರಾಗಿದ್ದ ಶಶಾಂಕ್ ಮನೋಹರ್ ಅವರನ್ನು ಕೇಳಿದ್ದು ಕೋರ್ಟಿನ ಮುಂದೆ ದೊಡ್ಡ ವಿಷಯವಾಯಿತು. ಪ್ರಮಾಣಪತ್ರದಲ್ಲಿ ಹೇಳಿದ್ದು ನಿಜವಲ್ಲ ಅಂತ ಕೋರ್ಟಿಗೆ ಅನ್ನಿಸಿ ನೋಟಿಸ್ ಕೊಟ್ಟಿತು. 2017ರ ಜನವರಿ 2ರಂದು ಠಾಕೂರ್ ಅವರನ್ನೂ ಕಾರ್ಯದರ್ಶಿ ಅಜಯ್ ಶಿರ್ಕೆ ಅವರನ್ನೂ ಹುದ್ದೆಯಿಂದ ಇಳಿಸಿತು. ಕೋರ್ಟಿನ ಆದೇಶ ಜಾರಿ ಮಾಡದೇ ಇದ್ದದ್ದು ಮುಖ್ಯ ಕಾರಣ. ಠಾಕೂರ್ ಆಮೇಲೆ ಬೇಷರತ್ ಕ್ಷಮೆ ಕೇಳಿದರು.

ಒಂಬತ್ತರಲ್ಲಿ ಒಂದು ವೋಟು ಏನನ್ನೂ ಗೆಲ್ಲಿಸಲ್ಲ. ಆದರೂ ಇಷ್ಟು ವಿರೋಧ ಯಾಕೆ? ಸದಸ್ಯರಾದವರಿಗೆ ನೋಟಿಸ್ ಬರ್ತದೆ, ಅಜೆಂಡಾ ಮತ್ತು ಕಡತ ಮೊದಲೇ ಕೈಗೆ ಸಿಗ್ತದೆ, ಒಪ್ಪದಿದ್ದರೆ ನಡಾವಳಿಯಲ್ಲಿ ಹಾಗೇ ಬರೆಸಬಹುದು. ಲೆಕ್ಕ ಪರಿಶೋಧನೆಯ ಹಿನ್ನೆಲೆಯವರು ಹಾಗೆ ಬರೆಸಿದರೆ ಅದನ್ನು ಅಳಿಸೋದು ಕಷ್ಟ. ‘ವಿಶೇಷ ಆಹ್ವಾನಿತ’ರಿಗೆ ಸಾಮಾನ್ಯವಾಗಿ ಇದ್ಯಾವುದೂ ಹಕ್ಕಾಗಿ ಬರೋದಿಲ್ಲ. ಕರೆದರೆ ಬರಬೇಕು, ಸಾಕು ಅಂದರೆ ಹೋಗಬೇಕು. ನಿಮ್ಮನ್ನು ಯಾವುದಾದರೂ ಸಮಿತಿಗೆ ‘ಆಹ್ವಾನಿತ’ ಅಂತ ಕರೆದರೆ ಖುಷಿಪಡೋ ಮೊದಲು ಬೈಲಾ ಓದಿ.

ಆಟಗಾರರ ಕುರ್ಚಿಗಳ ಕತೆಯಲ್ಲಿ ನಮ್ಮವರೊಬ್ಬರಿದ್ದಾರೆ. ಭಾರತ ಮಹಿಳಾ ತಂಡಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟ ನಾಯಕಿ, ಬೆಂಗಳೂರಿನ ಶಾಂತಾ ರಂಗಸ್ವಾಮಿ, 2019ರಲ್ಲಿ ಅಂಶುಮಾನ್ ಗಾಯಕ್ವಾಡ್ ಜೊತೆ ಆಟಗಾರರ ಸಂಘದಿಂದ ಅಪೆಕ್ಸ್ ಕೌನ್ಸಿಲ್‌ಗೆ ಹೋದರು. ಅವರು ಪಟ್ನಾದಲ್ಲಿ ಆ ಟೆಸ್ಟ್ ಗೆದ್ದಿದ್ದು 1976ರಲ್ಲಿ. ಮೈದಾನದಿಂದ ಆ ಕೋಣೆಗೆ 43 ವರ್ಷದ ದಾರಿ. ಅದಕ್ಕೂ ಒಂದು ಕೊರತೆ ಇದೆ: ಈ ಸಂಘ ನಿವೃತ್ತರದ್ದು. ಇವತ್ತು ಪ್ಯಾಡ್ ಕಟ್ಟಿಕೊಂಡು ಆಡ್ತಿರೋ ಹುಡುಗಿ ಅದರ ಸದಸ್ಯೆಯಾಗುವಂತಿಲ್ಲ. ಅವಳ ವೇಳಾಪಟ್ಟಿ, ಅವಳ ಸಂಬಳದ ಮಾತು ನಡೆಯುವ ಕೋಣೆಯಲ್ಲಿ ಅವಳು ಆರಿಸಿ ಕಳಿಸಿದವರು ಯಾರೂ ಇಲ್ಲ.

ಇನ್ನು ನಾವು, ಟಿಕೆಟ್ ಕೊಂಡವರು? ನಮಗೆ ಪ್ರವೇಶವಿಲ್ಲ, ಎಲ್ಲ ಕಾರ್ಯಕಾರಿ ಸಭೆಯನ್ನೂ ಲೈವ್ ಮಾಡಿ ಅಂತ ನಾನೂ ಕೇಳ್ತಿಲ್ಲ. ಆಯ್ಕೆ, ಟೆಂಡರು, ದೂರುಗಳ ಮಾತು ಬಾಗಿಲು ಹಾಕಿಯೇ ನಡೆಯಬೇಕಾಗ್ತದೆ. ಆದರೆ ಆಮೇಲೆ ಕಾಗದವಾದರೂ ಸಿಗಬೇಕಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಬಿಸಿಸಿಐ ಕೂಡ ಆರ್‌ಟಿಐ ವ್ಯಾಪ್ತಿಗೆ ಬರುತ್ತದೆ ಅಂತ ಆದೇಶ ಮಾಡಿತ್ತು. ಅದಕ್ಕೆ ಹೈಕೋರ್ಟಿನ ತಡೆ ಬಂತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಕಾರ್ಯಕಾರಿ ಸಮಿತಿಗೆ ಗರಿಷ್ಠ 15 ಸದಸ್ಯರು, ಕನಿಷ್ಠ ನಾಲ್ವರು ಮಹಿಳೆಯರು ಅಂತ ಹೇಳುತ್ತದೆ. ಅಂತಾರಾಷ್ಟ್ರೀಯ ಸಂಸ್ಥೆಯ ನಿಯಮ ಒಪ್ಪಿದರೆ 70ರಿಂದ 75 ವರ್ಷದವರೂ ಚುನಾವಣೆಗೆ ನಿಲ್ಲಬಹುದು, ಅಂದರೆ ಹಳೆ ಬಾಗಿಲು ಸ್ವಲ್ಪ ತೆರೆದಿದೆ. ಆರ್‌ಟಿಐ ವಿಷಯದಲ್ಲಿ ಮಾತ್ರ, ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳು ಆ ಹಣದ ಬಳಕೆಯ ಮಟ್ಟಿಗೆ ಉತ್ತರ ಕೊಟ್ಟರೆ ಸಾಕು. ಬಿಸಿಸಿಐ ತಾನು ಸರ್ಕಾರದಿಂದ ದುಡ್ಡು ತಗೊಳ್ಳೋದಿಲ್ಲ ಅಂತ ಹೇಳ್ತಾ ಬಂದಿದೆ.